ಓವರ್‌ಸ್ಪೀಡ್ ಚಲನ್ ಬೀಳದಂತೆ ಗಾಡಿ ಓಡಿಸುವುದು ಹೇಗೆ, ಪೊಲೀಸರು ಕೈ ತೋರಿಸಿದಾಗ ನಡೆದುಕೊಳ್ಳುವುದು ಹೇಗೆ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಒಂದು ಗಂಟೆ ಕಾಲ ನೂರರ ಆಸುಪಾಸಿನಲ್ಲಿ ಓಡಿಸಿಕೊಂಡು ಬಂದು ಊರೊಳಗಿನ ರಸ್ತೆಗೆ ಇಳಿದಾಗ, ಅರವತ್ತು ಕಿಲೋಮೀಟರ್ ವೇಗದಲ್ಲಿದ್ದರೂ ಗಾಡಿ ತೆವಳುತ್ತಿದೆಯೇನೋ ಎನಿಸುತ್ತದೆ. ಕಣ್ಣು ಆ ದೊಡ್ಡ ವೇಗಕ್ಕೆ ಒಗ್ಗಿಹೋಗಿರುತ್ತದೆ, ಕಾಲು ಎಕ್ಸಲರೇಟರ್ ಮೇಲೆ ತಾನಾಗಿಯೇ ಭಾರವಾಗುತ್ತದೆ, ಮೀಟರ್ ನೋಡಿದಾಗಲೇ ಎಂಬತ್ತು ದಾಟಿರುವುದು ತಿಳಿಯುವುದು. ನನಗೆ ಪರಿಚಯವಿರುವವರಿಗೆ ಬಿದ್ದ ಓವರ್‌ಸ್ಪೀಡ್ ದಂಡಗಳಲ್ಲಿ ಹೆಚ್ಚಿನವು ಇಂಥ ಜಾಗಗಳಲ್ಲೇ ಬಿದ್ದಿವೆ. ರೇಸ್ ಕಟ್ಟುವ ಹುಡುಗರ ವಿಚಾರ ಬೇರೆ. ಸಂಸಾರ ಸಮೇತ ಮದುವೆಗೆ ಹೊರಟವರು, ಆಸ್ಪತ್ರೆಯಿಂದ ಮನೆಗೆ ಮರಳುತ್ತಿದ್ದವರು, ತಾವು ನಿಧಾನವಾಗಿಯೇ ಓಡಿಸುತ್ತಿದ್ದೇವೆ ಎಂದು ಪ್ರಾಮಾಣಿಕವಾಗಿ ನಂಬಿದ್ದವರು, ಮಿತಿ ಬದಲಾಗುವ ಆ ಅರ್ಧ ಕಿಲೋಮೀಟರಿನಲ್ಲಿ ಸಿಕ್ಕಿಬೀಳುತ್ತಾರೆ. ಈ ಲೇಖನ ಮುಖ್ಯವಾಗಿ ಅವರಿಗಾಗಿ. ಕ್ಯಾಮೆರಾದ ಕಣ್ಣು ತಪ್ಪಿಸುವ ಉಪಾಯಗಳು ಇದರಲ್ಲಿಲ್ಲ. ಮಿತಿಯೊಳಗೆ ಓಡಿಸುವುದನ್ನು ಅಭ್ಯಾಸ ಮಾಡಿಕೊಳ್ಳುವುದು, ತಡೆದು ನಿಲ್ಲಿಸಿದಾಗ ಗಾಬರಿಯಿಲ್ಲದೆ ವರ್ತಿಸುವುದು, ಚಲನ್ ಬಂದ ಮೇಲೆ ಅದನ್ನು ಸರಿಯಾಗಿ ಓದಿ ಮುಂದುವರಿಯುವುದು, ಈ ಮೂರನ್ನು ಕರ್ನಾಟಕದ ರಸ್ತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಆ ರಸ್ತೆಯ ಮಿತಿ ಎಷ್ಟು ಎಂಬುದನ್ನು ತಿಳಿದುಕೊಳ್ಳುವುದು

ವೇಗದ ಮಿತಿಗೆ ಆಧಾರ 1988ರ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್. ಗರಿಷ್ಠ ವೇಗವನ್ನು ಕೇಂದ್ರ ಸರ್ಕಾರ ನಿಗದಿ ಮಾಡಬಹುದು, ಸಾರ್ವಜನಿಕರ ಸುರಕ್ಷತೆಗೋ ರಸ್ತೆಯ ಸ್ವರೂಪಕ್ಕೋ ಅಗತ್ಯವೆನಿಸಿದರೆ ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರವು ಅದಕ್ಕಿಂತ ಕಡಿಮೆ ಮಿತಿಯನ್ನು ಹಾಕಿ, ಸೂಕ್ತ ಜಾಗದಲ್ಲಿ ಫಲಕ ನೆಡಬೇಕು ಎಂಬುದು ಅದರ ಸಾರಾಂಶ. 2018ರ ಏಪ್ರಿಲ್‌ನಲ್ಲಿ ಕೇಂದ್ರವು ಹೊರಡಿಸಿದ ಅಧಿಸೂಚನೆಯಲ್ಲಿ ಕಾರುಗಳಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ 100, ನಗರದೊಳಗಿನ ರಸ್ತೆಯಲ್ಲಿ 70 ಕಿಲೋಮೀಟರ್ ಎಂದೂ, ಬೈಕುಗಳಿಗೆ ನಾಲ್ಕು ಪಥದ ರಸ್ತೆಯಲ್ಲಿ 80, ನಗರದಲ್ಲಿ 60 ಎಂದೂ ಮೇಲ್ಮಿತಿ ಇತ್ತು. ಆ ಅಧಿಸೂಚನೆಯನ್ನು ಮದ್ರಾಸ್ ಹೈಕೋರ್ಟ್ 2021ರಲ್ಲಿ ರದ್ದುಪಡಿಸಿತು. ಆದ್ದರಿಂದ ಈ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು, ನಗರದಲ್ಲಿ ಎಪ್ಪತ್ತರವರೆಗೆ ಹೋಗಬಹುದಂತೆ ಎಂದು ನಂಬಿ ಹೊರಡುವುದು ಸರಿಯಲ್ಲ. ನಿಮ್ಮ ಮುಂದಿರುವ ರಸ್ತೆಯಲ್ಲಿ ನೆಟ್ಟಿರುವ ಫಲಕ ಏನು ಹೇಳುತ್ತದೆಯೋ ಅದೇ ನಿಮ್ಮ ಮಿತಿ.

ಫಲಕಗಳನ್ನು ಓದುವುದರಲ್ಲಿಯೂ ಅನೇಕರು ಎಡವುತ್ತಾರೆ. ಕೆಂಪು ಉಂಗುರದೊಳಗೆ ಅಂಕಿ ಇದ್ದರೆ ಅದು ಗರಿಷ್ಠ ವೇಗ, ಅದನ್ನು ಮೀರುವಂತಿಲ್ಲ. ನೀಲಿ ವೃತ್ತದೊಳಗೆ ಅಂಕಿ ಇದ್ದರೆ ಅದು ಕನಿಷ್ಠ ವೇಗ. ಬಿಳಿ ವೃತ್ತಕ್ಕೆ ಅಡ್ಡಲಾಗಿ ಕಪ್ಪು ಪಟ್ಟೆ ಎಳೆದಿದ್ದರೆ ಹಿಂದಿನ ನಿರ್ಬಂಧ ಅಲ್ಲಿಗೆ ಮುಗಿಯಿತು ಎಂದು ಅರ್ಥ. ಒಂದೇ ಕಂಬದ ಮೇಲೆ ಕಾರಿಗೊಂದು, ಲಾರಿ–ಬಸ್ಸಿಗೊಂದು ಅಂಕಿ ಬರೆದಿರುವುದೂ ಉಂಟು, ಅವಸರದಲ್ಲಿ ಓದಿದರೆ ಬೇರೆಯವರ ಮಿತಿಯನ್ನು ನಮ್ಮದೆಂದುಕೊಳ್ಳುತ್ತೇವೆ.

ಇದಕ್ಕಿಂತ ಮುಖ್ಯವಾದದ್ದು, ಮಿತಿ ಎಲ್ಲೆಲ್ಲಿ ಬದಲಾಗುತ್ತದೆ ಎಂಬುದನ್ನು ಮೊದಲೇ ಊಹಿಸುವುದು. ಬೈಪಾಸ್ ಮುಗಿಯುವ ಜಾಗ, ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ ಇಳಿಯುವ ಜಾಗ, ಮೇಲ್ಸೇತುವೆಯ ಇಳಿಜಾರು, ಶಾಲೆ–ಆಸ್ಪತ್ರೆಗಳ ಮುಂಭಾಗ, ಘಟ್ಟದ ಮೊದಲ ತಿರುವು, ಕಾಮಗಾರಿ ನಡೆಯುತ್ತಿರುವ ಭಾಗ, ಇವೆಲ್ಲ ಮಿತಿ ಇಳಿಯುವ ಜಾಗಗಳು. ಇಳಿಜಾರಿನಲ್ಲಿ ಎಕ್ಸಲರೇಟರ್ ಒತ್ತದೆ ಸುಮ್ಮನಿದ್ದರೂ ಗಾಡಿ ಹತ್ತು ಹದಿನೈದು ಕಿಲೋಮೀಟರ್ ಹೆಚ್ಚು ವೇಗ ಪಡೆಯುತ್ತದೆ, ಅಲ್ಲಿ ಕಾಲು ತೆಗೆದರೆ ಸಾಲದು, ಗೇರ್ ಒಂದು ಕೆಳಗೆ ಇಳಿಸಬೇಕು. ನಾನು ರೂಢಿಸಿಕೊಂಡಿರುವ ಒಂದು ಅಭ್ಯಾಸವಿದೆ: ಮೊದಲ ಹಂಪ್ಸ್, ಮೊದಲ ಬಸ್ ನಿಲ್ದಾಣ, ರಸ್ತೆ ಪಕ್ಕದ ಮೊದಲ ಟೀ ಅಂಗಡಿ, ಈ ಮೂರರಲ್ಲಿ ಯಾವುದು ಕಣ್ಣಿಗೆ ಬಿದ್ದರೂ ಫಲಕಕ್ಕಾಗಿ ಕಾಯದೆ ಮೀಟರ್ ನೋಡುತ್ತೇನೆ. ಊರು ಹತ್ತಿರವಾಯಿತು ಎಂದು ರಸ್ತೆ ತಾನೇ ಹೇಳುತ್ತಿರುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಬಳಸುವವರು ಇನ್ನೂ ಎರಡು ಸಂಗತಿಗಳನ್ನು ತಿಳಿದಿರಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆಯಲ್ಲಿ ಮೊದಲ ತಿಂಗಳುಗಳಲ್ಲೇ ಸಾವುಗಳು ಹೆಚ್ಚಾದ ಕಾರಣ, ಕಾರುಗಳಿಗೆ 100 ಕಿಲೋಮೀಟರ್ ಮಿತಿಯನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಲಾಯಿತು ಮತ್ತು ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥಗಳಿಂದ ನಿಷೇಧಿಸಲಾಯಿತು. ಬೈಕಿನವರು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಎರಡನೆಯದು ಇಡೀ ರಾಜ್ಯಕ್ಕೆ ಅನ್ವಯಿಸುವಂಥದ್ದು: 2024ರ ಆಗಸ್ಟ್ 1ರಿಂದ ಕರ್ನಾಟಕದ ಯಾವುದೇ ರಸ್ತೆಯಲ್ಲಿ ಗಂಟೆಗೆ 130 ಕಿಲೋಮೀಟರ್ ದಾಟಿದರೆ ದಂಡಕ್ಕೆ ನಿಲ್ಲದೆ ಎಫ್‌ಐಆರ್ ದಾಖಲಿಸುವುದಾಗಿ ಪೊಲೀಸ್ ಇಲಾಖೆ ಪ್ರಕಟಿಸಿತು. ಎಫ್‌ಐಆರ್ ಎಂದರೆ ಕ್ರಿಮಿನಲ್ ಪ್ರಕರಣ. ಸಾವಿರ ರೂಪಾಯಿ ಕಟ್ಟಿ ಕೈ ತೊಳೆದುಕೊಳ್ಳುವ ಮಾತು ಅಲ್ಲಿಗೆ ಮುಗಿಯಿತು. ಪಾಸ್‌ಪೋರ್ಟ್‌ಗೋ ಕೆಲಸಕ್ಕೋ ಪೊಲೀಸ್ ಪರಿಶೀಲನೆ ನಡೆಯುವಾಗ ಅದರ ಪ್ರಸ್ತಾಪ ಬರುತ್ತದೆ.

ಎರಡನೆಯ ಹೆಜ್ಜೆ: ಗಾಡಿಯ ಮೀಟರನ್ನು ಪರೀಕ್ಷಿಸಿಕೊಳ್ಳುವುದು

ಕಾರ್ಖಾನೆಯಿಂದ ಬಂದ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ತುಸು ಹೆಚ್ಚನ್ನೇ ತೋರಿಸುವಂತೆ ಹೊಂದಿಸಿರುತ್ತಾರೆ. ಆದರೆ ಮೂಲ ಅಳತೆಗಿಂತ ದೊಡ್ಡ ಟೈರ್ ಹಾಕಿಸಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ಚಕ್ರ ಒಂದು ಸುತ್ತು ತಿರುಗಿದಾಗ ಗಾಡಿ ಹೆಚ್ಚು ದೂರ ಹೋಗುವುದರಿಂದ ಮೀಟರ್ ತೊಂಬತ್ತೈದು ಎನ್ನುವಾಗ ಗಾಡಿ ನೂರು ದಾಟಿರಬಹುದು. ಅಲಾಯ್ ಚಕ್ರದ ಅಂದಕ್ಕೆ ಮರುಳಾಗಿ ಟೈರ್ ಅಳತೆ ಬದಲಿಸಿದವರು ಇದನ್ನು ಖಂಡಿತ ಪರೀಕ್ಷಿಸಿಕೊಳ್ಳಬೇಕು.

ಪರೀಕ್ಷೆ ಸುಲಭ. ಬೆಳಗಿನ ಹೊತ್ತು ಖಾಲಿ ಇರುವ ನೇರ ರಸ್ತೆಯಲ್ಲಿ ಮೀಟರ್ ಮುಳ್ಳನ್ನು ಅರವತ್ತರಲ್ಲಿ ಅಲುಗಾಡದಂತೆ ಹಿಡಿದು, ಪಕ್ಕದಲ್ಲಿ ಕೂತವರಿಗೆ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿನವರೆಗಿನ ಸಮಯವನ್ನು ಮೊಬೈಲಿನಲ್ಲಿ ಅಳೆಯಲು ಹೇಳಿ. ಸರಿಯಾಗಿ ಅರವತ್ತರಲ್ಲಿದ್ದರೆ 60 ಸೆಕೆಂಡ್, ಎಂಬತ್ತಕ್ಕೆ 45 ಸೆಕೆಂಡ್, ನೂರಕ್ಕೆ 36 ಸೆಕೆಂಡ್ ಹಿಡಿಯಬೇಕು. ಅದಕ್ಕಿಂತ ಬೇಗ ತಲುಪಿದರೆ ನಿಮ್ಮ ಮೀಟರ್ ಕಡಿಮೆ ತೋರಿಸುತ್ತಿದೆ. ಮೊಬೈಲಿನ ನಕ್ಷೆಯಲ್ಲಿ ಕಾಣುವ ಜಿಪಿಎಸ್ ವೇಗದೊಡನೆಯೂ ಹೋಲಿಸಬಹುದು, ಸಮತಟ್ಟಾದ ನೇರ ರಸ್ತೆಯಲ್ಲಿ ಅದು ನಂಬಿಕೆಗೆ ಅರ್ಹ.

2019ರ ಜುಲೈ ನಂತರ ತಯಾರಾದ ಕಾರುಗಳಲ್ಲಿ ವೇಗ ಎಂಬತ್ತು ದಾಟಿದಾಗ ಬಿಟ್ಟು ಬಿಟ್ಟು ಬೀಪ್ ಶಬ್ದ, ನೂರಿಪ್ಪತ್ತು ದಾಟಿದಾಗ ನಿಲ್ಲದ ಶಬ್ದ ಕಡ್ಡಾಯವಾಗಿ ಬರುತ್ತದೆ. ಕಿರಿಕಿರಿಯೆಂದು ಅದರ ವೈರ್ ಕಿತ್ತು ಹಾಕಿಸುವವರನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಹಲವು ಕಾರುಗಳಲ್ಲಿ ನಮಗೆ ಬೇಕಾದ ಅಂಕಿಗೆ ಎಚ್ಚರಿಕೆ ಹೊಂದಿಸಿಕೊಳ್ಳುವ ಸೌಲಭ್ಯವೂ ಇದೆ, ನಗರದಲ್ಲಿ ಓಡಿಸುವಾಗ ಅದನ್ನು ಐವತ್ತೈದಕ್ಕೆ ಇಟ್ಟುಕೊಂಡರೆ ಅರ್ಧ ಚಿಂತೆ ಕಳೆಯುತ್ತದೆ. ಯೆಲ್ಲೋ ಬೋರ್ಡ್ ಗಾಡಿಗಳಲ್ಲಿ ಎಂಬತ್ತಕ್ಕೆ ಕಟ್ಟಿರುವ ಸ್ಪೀಡ್ ಗವರ್ನರ್ ಬಿಚ್ಚಿಸುವುದು ಇನ್ನೂ ದೊಡ್ಡ ತಪ್ಪು, ಎಫ್‌ಸಿ, ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸುವಾಗಲೂ ಅದು ತೊಡಕಾಗುತ್ತದೆ.

ಮೂರನೆಯ ಹೆಜ್ಜೆ: ಹತ್ತು ನಿಮಿಷ ಮೊದಲು ಹೊರಡುವುದು

ಇದು ಹಿರಿಯರ ಬುದ್ಧಿಮಾತಿನಂತೆ ಕೇಳಿಸಬಹುದು, ಆದರೂ ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 118 ಕಿಲೋಮೀಟರ್. ಎಲ್ಲಿಯೂ ನಿಲ್ಲದೆ ಇಡೀ ದಾರಿ ನೂರರಲ್ಲಿ ಹೋದರೆ 71 ನಿಮಿಷ, ನೂರಿಪ್ಪತ್ತರಲ್ಲಿ ಹೋದರೆ 59 ನಿಮಿಷ. ಕಾನೂನು ಮೀರಿ, ಮನೆಯವರ ಜೀವ ಒತ್ತೆಯಿಟ್ಟು ಗಳಿಸಿದ್ದು ಹೆಚ್ಚೆಂದರೆ 12 ನಿಮಿಷ. ಟೋಲ್ ಸಾಲು, ಮೈಸೂರು ಕಡೆಯ ಸಿಗ್ನಲ್, ಒಂದು ಕಾಫಿ, ಇವುಗಳಲ್ಲಿ ಆ 12 ನಿಮಿಷ ಎಲ್ಲಿ ಹೋಯಿತೆಂದು ಕೂಡ ತಿಳಿಯುವುದಿಲ್ಲ. ಹೆಬ್ಬಾಳದಿಂದ ವಿಮಾನ ನಿಲ್ದಾಣದವರೆಗಿನ ಸುಮಾರು 25 ಕಿಲೋಮೀಟರಿಗೆ ಎಂಬತ್ತರ ಬದಲು ನೂರರಲ್ಲಿ ಹೋದರೆ ಉಳಿಯುವುದು ನಾಲ್ಕು ನಿಮಿಷವೂ ಇಲ್ಲ.

ಕಳೆದುಕೊಳ್ಳುವುದು ಏನೆಂಬುದನ್ನೂ ಅಂಕಿಯಲ್ಲೇ ನೋಡಬಹುದು. ನಾಯಿಯೋ ಮಗುವೋ ಅಡ್ಡ ಬಂದದ್ದನ್ನು ಕಣ್ಣು ಕಂಡು, ಕಾಲು ಬ್ರೇಕ್ ಮುಟ್ಟಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಅರವತ್ತರ ವೇಗದ ಗಾಡಿ 25 ಮೀಟರ್, ನೂರರ ವೇಗದ ಗಾಡಿ ಸುಮಾರು 42 ಮೀಟರ್ ಮುಂದೆ ಹೋಗಿರುತ್ತದೆ, ಬ್ರೇಕ್ ಇನ್ನೂ ಹಿಡಿದೇ ಇರುವುದಿಲ್ಲ. ಆ ಹದಿನೇಳು ಮೀಟರ್ ಅಂತರದಲ್ಲಿ ಏನೇನು ಆಗಿಹೋಗಬಹುದು ಎಂಬುದು ಊರಿನ ಮುಖ್ಯರಸ್ತೆಯ ಪಕ್ಕ ಮನೆ ಇರುವವರಿಗೆಲ್ಲ ಗೊತ್ತು.

ಕೆಲಸಕ್ಕಾಗಿ ಗಾಡಿ ಓಡಿಸುವವರಿಗೆ ಹತ್ತು ನಿಮಿಷ ಮೊದಲು ಹೊರಡುವ ಸ್ವಾತಂತ್ರ್ಯ ಇರುವುದಿಲ್ಲ ಎಂಬುದು ನಿಜ. ಟ್ಯಾಕ್ಸಿ, ಡೆಲಿವರಿ, ಲಾರಿ ಚಾಲಕರು ಕಾಯ್ದೆಯ 183ನೇ ಸೆಕ್ಷನ್‌ನ ಒಂದು ಭಾಗವನ್ನು ತಿಳಿದಿರಲಿ ಎಂಬುದು ನನ್ನ ಆಸೆ. ತನ್ನ ಕೈಕೆಳಗಿನ ನೌಕರನಿಂದ ಮಿತಿ ಮೀರಿ ಗಾಡಿ ಓಡಿಸುವ ಮಾಲೀಕನೂ ಅದರಡಿ ದಂಡಕ್ಕೆ ಗುರಿಯಾಗುತ್ತಾನೆ. ವೇಗದ ಮಿತಿ ಮೀರದೆ ಮುಗಿಸಲು ಸಾಧ್ಯವೇ ಇಲ್ಲದಂತಹ ವೇಳಾಪಟ್ಟಿಯನ್ನೋ ಆದೇಶವನ್ನೋ ಕೊಟ್ಟಿದ್ದರೆ, ಆ ವೇಳಾಪಟ್ಟಿಯೇ ಮಾಲೀಕನ ವಿರುದ್ಧ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಇಂತಿಷ್ಟು ಹೊತ್ತಿಗೆ ತಲುಪಲೇಬೇಕು ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಬಂದಿದ್ದರೆ ಅಳಿಸಬೇಡಿ.

ಕ್ಯಾಮೆರಾ ಹೇಗೆ ಹಿಡಿಯುತ್ತದೆ

ಈಗ ವೇಗ ಅಳೆಯುವುದು ಎರಡು ಬಗೆಯಲ್ಲಿ. ಒಂದು, ರಸ್ತೆ ಬದಿ ನಿಂತ ಇಂಟರ್‌ಸೆಪ್ಟರ್ ವಾಹನದಲ್ಲೋ ಸಿಬ್ಬಂದಿಯ ಕೈಯಲ್ಲೋ ಇರುವ ಲೇಸರ್ ಗನ್. ಇನ್ನೊಂದು, ಕಮಾನಿನ ಮೇಲೆ ಕಟ್ಟಿರುವ, ನಂಬರ್ ಪ್ಲೇಟ್ ತಾನೇ ಓದಿಕೊಳ್ಳುವ ಕ್ಯಾಮೆರಾ. ಲೇಸರ್ ಗನ್ ನೂರಾರು ಮೀಟರ್ ದೂರದಿಂದಲೇ ಅಳೆಯುವುದರಿಂದ, ಪೊಲೀಸ್ ವಾಹನ ಕಣ್ಣಿಗೆ ಬಿದ್ದ ಮೇಲೆ ಬ್ರೇಕ್ ತುಳಿದರೆ ಪ್ರಯೋಜನವಿಲ್ಲ, ಹಿಂದೆ ಬರುತ್ತಿರುವ ಲಾರಿಗೆ ಮಾತ್ರ ಅದು ಅಪಾಯ. ಕ್ಯಾಮೆರಾ ಇದ್ದಲ್ಲಿ ನಿಧಾನಿಸಿ ಮುಂದೆ ಮತ್ತೆ ಹಾರಿಸುವವರಿಗೂ ಇದೇ ಮಾತು. ಎರಡು ಕ್ಯಾಮೆರಾಗಳ ನಡುವಿನ ದೂರವನ್ನು ನೀವು ತೆಗೆದುಕೊಂಡ ಸಮಯದಿಂದ ಭಾಗಿಸಿ ಸರಾಸರಿ ವೇಗ ಕಂಡುಹಿಡಿಯುವುದು ಕಷ್ಟದ ಕೆಲಸವಲ್ಲ.

ಯಂತ್ರದಿಂದ ದಂಡ ಹಾಕುವುದಕ್ಕೆ ಸರ್ಕಾರದ ಮೇಲೂ ನಿಯಮಗಳಿವೆ, ಅವು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 2021ರ ಆಗಸ್ಟ್‌ನಲ್ಲಿ ಸೇರಿದ 167–ಎ ನಿಯಮದಲ್ಲಿವೆ. ಉಪಕರಣಕ್ಕೆ ರಾಜ್ಯದ ನಿಗದಿತ ಪ್ರಾಧಿಕಾರದಿಂದ ಅನುಮೋದನೆ ಪತ್ರ ಇರಬೇಕು, ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಕ್ಯಾಮೆರಾ ಕಣ್ಗಾವಲಿರುವ ಭಾಗಕ್ಕೆ ಮುಂಚೆಯೇ ಜನರಿಗೆ ಕಾಣುವಂತೆ ಎಚ್ಚರಿಕೆ ಫಲಕ ಇರಬೇಕು. ಉಲ್ಲಂಘನೆ ನಡೆದ 15 ದಿನಗಳೊಳಗೆ ನೋಟಿಸ್ ಕಳುಹಿಸಬೇಕು. ಚಲನ್‌ನಲ್ಲಿ ನಂಬರ್ ಪ್ಲೇಟ್ ಮತ್ತು ಉಲ್ಲಂಘನೆ ಸ್ಪಷ್ಟವಾಗಿ ಕಾಣುವ ಫೋಟೊ, ಯಂತ್ರ ಅಳೆದ ವೇಗ, ದಿನಾಂಕ, ಸಮಯ, ಸ್ಥಳ, ಕಾಯ್ದೆಯ ಯಾವ ಸೆಕ್ಷನ್ ಎಂಬ ವಿವರ ಇರಬೇಕು. ಈ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಚಲನ್ ಓದುವಾಗ ಬೇಕಾಗುತ್ತದೆ.

ಕೈಯಲ್ಲಿರಬೇಕಾದ ದಾಖಲೆಗಳು

ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್. ಇವುಗಳ ಕಾಗದದ ಪ್ರತಿ ಜೊತೆಗಿರಲೇಬೇಕೆಂಬ ಕಾಲ ಹೋಯಿತು. ಡಿಜಿಲಾಕರ್ ಅಥವಾ ಎಂ–ಪರಿವಾಹನ್ ಆ್ಯಪ್‌ನಲ್ಲಿ ತೆರೆದು ತೋರಿಸಿದ ದಾಖಲೆ ಮೂಲ ಪ್ರತಿಗೆ ಸಮ ಎಂದು 2018ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಸ್ಪಷ್ಟಪಡಿಸಿ, ನಿಯಮಕ್ಕೂ ತಿದ್ದುಪಡಿ ತಂದಿತು. ಗ್ಯಾಲರಿಯಲ್ಲಿ ಉಳಿಸಿಕೊಂಡ ಫೋಟೊಗೆ ಆ ಮಾನ್ಯತೆ ಇಲ್ಲ. ನೆಟ್‌ವರ್ಕ್ ಸಿಗದ ಘಟ್ಟದ ದಾರಿಯಲ್ಲಿ ಆ್ಯಪ್ ತೆರೆಯದೆ ಪರದಾಡುವುದು ಬೇಡ ಎಂದಾದರೆ ಡಿಎಲ್ ಕಾರ್ಡನ್ನು ಪರ್ಸಿನಲ್ಲೇ ಇಟ್ಟುಕೊಳ್ಳಿ. ಎಮಿಷನ್ ಸರ್ಟಿಫಿಕೇಟ್‌ನ ಅವಧಿ ಮುಗಿಯುವುದನ್ನು ಮರೆಯುವುದು ಬಹಳ ಸಾಮಾನ್ಯ, ಹೊರಡುವ ಹಿಂದಿನ ದಿನ ಒಮ್ಮೆ ನೋಡಿಕೊಳ್ಳಿ.

ಪೊಲೀಸರು ಕೈ ತೋರಿಸಿದಾಗ

ನಿಲ್ಲಿಸಿ. ಇದನ್ನು ಪ್ರತ್ಯೇಕವಾಗಿ ಹೇಳಬೇಕಾದ ಅಗತ್ಯವಿದೆ, ಏಕೆಂದರೆ ಸಾವಿರ ರೂಪಾಯಿ ದಂಡ ತಪ್ಪಿಸಿಕೊಳ್ಳಲು ಗಾಡಿ ತಿರುಗಿಸಿ ಎದುರು ದಿಕ್ಕಿನಲ್ಲಿ ನುಗ್ಗಿ ಕೈಕಾಲು ಮುರಿದುಕೊಂಡವರು, ಜೀವ ಕಳೆದುಕೊಂಡವರು ನಮ್ಮ ನಡುವೆಯೇ ಇದ್ದಾರೆ. ಆದರೆ ಥಟ್ಟನೆ ಬ್ರೇಕ್ ಹಾಕಬೇಡಿ. ಕನ್ನಡಿಯಲ್ಲಿ ಹಿಂದೆ ನೋಡಿ, ಎಡಗಡೆಯ ಇಂಡಿಕೇಟರ್ ಹಾಕಿ, ನಿಧಾನಿಸುತ್ತ ರಸ್ತೆಯ ಬಿಳಿ ಗೆರೆಯಿಂದ ಪೂರ್ತಿ ಆಚೆಗೆ ನಿಲ್ಲಿಸಿ. ಐವತ್ತು ಮೀಟರ್ ಮುಂದೆ ಹೋಗಿ ನಿಂತರೂ ಅದು ತಪ್ಪಿಸಿಕೊಂಡು ಹೋದಂತೆ ಆಗುವುದಿಲ್ಲ. ರಾತ್ರಿಯಾಗಿದ್ದರೆ, ಅದರಲ್ಲೂ ಹೆಣ್ಣುಮಕ್ಕಳು ಒಬ್ಬರೇ ಇದ್ದರೆ, ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ನಿಧಾನವಾಗಿ ಬೆಳಕಿರುವ ಪೆಟ್ರೋಲ್ ಬಂಕ್‌ನಂಥ ಜಾಗದವರೆಗೆ ಹೋಗಿ ನಿಲ್ಲಿಸುವುದು ಸರಿ. ನಿಲ್ಲಿಸಿದವರು ಪೊಲೀಸರೇ ಹೌದೇ ಎಂಬ ಅನುಮಾನ ಬಂದರೆ ಬಾಗಿಲು ತೆರೆಯದೆ 112ಕ್ಕೆ ಕರೆ ಮಾಡಿ ಜಾಗ ಹೇಳಿ.

ಗಾಡಿ ನಿಂತ ಮೇಲೆ ಎಂಜಿನ್ ಆಫ್ ಮಾಡಿ, ಗಾಜು ಇಳಿಸಿ, ಕಾರಿನೊಳಗಿನ ದೀಪ ಹಾಕಿ, ಎರಡೂ ಕೈ ಸ್ಟೇರಿಂಗ್ ಮೇಲೆ ಕಾಣುವಂತೆ ಇಟ್ಟುಕೊಂಡು ಕಾಯಿರಿ. ಹೆದ್ದಾರಿಯಲ್ಲಿ ಬಲಗಡೆ ಬಾಗಿಲು ತೆರೆದು ಅವಸರವಾಗಿ ಇಳಿಯುವುದು ಚಲನ್‌ಗಿಂತ ಅಪಾಯ.

ಸಮವಸ್ತ್ರದಲ್ಲಿರುವ ಯಾವ ಪೊಲೀಸ್ ಅಧಿಕಾರಿ ಕೇಳಿದರೂ ಡಿಎಲ್ ತೋರಿಸುವುದು 130ನೇ ಸೆಕ್ಷನ್ ಪ್ರಕಾರ ಚಾಲಕನ ಕರ್ತವ್ಯ. ಸಮವಸ್ತ್ರ ಎಂಬ ಪದ ಕಾಯ್ದೆಯಲ್ಲೇ ಇದೆ. ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಓದಿ ನೆನಪಿಟ್ಟುಕೊಳ್ಳಿ, ಪಟ್ಟಿ ಇಲ್ಲದಿದ್ದರೆ ಹೆಸರು ಮತ್ತು ಠಾಣೆಯನ್ನು ಕೇಳುವುದರಲ್ಲಿ ತಪ್ಪೇನಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಹಾಸನದ ಕಡೆಯಿಂದ ಬರುತ್ತಿದ್ದಾಗ ಒಂದು ಊರಿನ ಹೊರವಲಯದಲ್ಲಿ ಕೈ ತೋರಿಸಿದರು. ನಿಲ್ಲಿಸಿದೆ. ಎಎಸ್‌ಐ ಒಬ್ಬರು ಕಿಟಕಿ ಹತ್ತಿರ ಬಂದು, "ಸಾರ್, ಎಷ್ಟರಲ್ಲಿ ಬರ್ತಾ ಇದ್ರಿ ಗೊತ್ತಾ?" ಎಂದರು.

"ನೋಡ್ಕೊಳ್ಳಲಿಲ್ಲ ಸಾರ್. ಮೆಷಿನ್‌ನಲ್ಲಿ ಬಂದಿರೋದನ್ನ ಒಮ್ಮೆ ತೋರಿಸ್ತೀರಾ?" ಎಂದು ಕೇಳಿದೆ.

ಅವರು ಬೇಸರಿಸಿಕೊಳ್ಳದೆ ಕರೆದೊಯ್ದು ಪರದೆ ತೋರಿಸಿದರು. ನನ್ನ ಕಾರಿನ ಮುಂಭಾಗದ ಫೋಟೊ, ನಂಬರ್ ಪ್ಲೇಟ್ ಮೇಲೆ ಒಂದು ಸಣ್ಣ ಗುರುತು, ಕೆಳಗೆ 78 ಎಂಬ ಅಂಕಿ, ಅದರ ಪಕ್ಕದಲ್ಲಿ ಮಿತಿ 60, ಸೆಕೆಂಡ್ ಸಮೇತ ಸಮಯ. "ಬೋರ್ಡ್ ಎಲ್ಲಿದೆ ಸಾರ್?" ಎಂದೆ. "ಹಿಂದೆ ಆ ಬೇವಿನ ಮರದ ಹತ್ರ, ಹೋಗಿ ನೋಡ್ಕೊಂಡ್ ಬನ್ನಿ" ಎಂದರು. ಇನ್ನೂರು ಹೆಜ್ಜೆ ಹಿಂದಕ್ಕೆ ನಡೆದು ನೋಡಿದೆ. ಕೊಂಬೆ ಮುಚ್ಚಿರಬಹುದು ಎಂಬ ನನ್ನ ನಿರೀಕ್ಷೆ ಸುಳ್ಳಾಯಿತು. ಕೆಂಪು ಉಂಗುರದ ಫಲಕ ಕಣ್ಣಿಗೆ ಹೊಡೆಯುವಂತೆ ನಿಂತಿತ್ತು, ಮಾತಿನಲ್ಲಿ ಮುಳುಗಿದ್ದ ನಾನೇ ನೋಡಿರಲಿಲ್ಲ. ಮರಳಿ ಬಂದು ಸಾವಿರ ರೂಪಾಯಿ ಕಟ್ಟಿ, ಯಂತ್ರದಿಂದ ಹೊರಬಂದ ರಸೀದಿ ಪಡೆದುಕೊಂಡೆ. ಒಟ್ಟು ಹತ್ತು ನಿಮಿಷದ ವಿಷಯ. ಅದೇ ಹೊತ್ತಿಗೆ ನನ್ನ ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬರು ತಮಗೆ ಯಾರು ಯಾರು ಪರಿಚಯ ಎಂದು ಹೇಳುತ್ತ ಫೋನ್ ಹಿಡಿದುಕೊಂಡಿದ್ದರು, ನಾನು ಹೊರಡುವಾಗಲೂ ಅಲ್ಲೇ ಇದ್ದರು.

ಆ ಸಂಭಾಷಣೆಯಲ್ಲಿ ಅನುಕರಿಸಬೇಕಾದದ್ದು ಇಷ್ಟು: ಸುಳ್ಳು ಹೇಳುವುದು ಬೇಡ, ಊಹೆಯ ಅಂಕಿಯನ್ನು ಒಪ್ಪಿಕೊಳ್ಳುವುದೂ ಬೇಡ, ಯಂತ್ರ ತೋರಿಸಿದ್ದನ್ನು ನೋಡಲು ವಿನಯದಿಂದ ಕೇಳಿ. ಇದಕ್ಕೆ ಕಾನೂನಿನ ಬಲವಿದೆ. 183ನೇ ಸೆಕ್ಷನ್‌ನ ಮೂರನೇ ಉಪವಿಧಿಯ ಪ್ರಕಾರ, ಗಾಡಿ ವೇಗವಾಗಿ ಬರುತ್ತಿತ್ತು ಎಂಬ ಒಬ್ಬನೇ ಸಾಕ್ಷಿಯ ಅಭಿಪ್ರಾಯದ ಮೇಲೆ ಯಾರನ್ನೂ ಅತಿವೇಗಕ್ಕೆ ಶಿಕ್ಷಿಸುವಂತಿಲ್ಲ. ಆ ಅಭಿಪ್ರಾಯಕ್ಕೆ ಯಾಂತ್ರಿಕ ಅಥವಾ ಎಲೆಕ್ಟ್ರಾನಿಕ್ ಉಪಕರಣದ ಅಳತೆ ಆಧಾರವಾಗಿರಬೇಕು. ನೋಡಿದರೇ ಗೊತ್ತಾಗುತ್ತೆ, ನೂರರಲ್ಲಿ ಬಂದಿರಿ ಎಂಬ ಮಾತಷ್ಟೇ ಇದ್ದರೆ ಅದು ಸಾಲದು.

ದಂಡವನ್ನು ಸ್ಥಳದಲ್ಲೇ ಕಟ್ಟುವುದಾದರೆ ಯಂತ್ರದಿಂದ ಮುದ್ರಿತವಾದ ರಸೀದಿ ಪಡೆಯದೆ ಹಣ ಕೊಡಬೇಡಿ, ಸಾಧ್ಯವಾದಷ್ಟೂ ಯುಪಿಐ ಅಥವಾ ಕಾರ್ಡ್ ಬಳಸಿ. ಕರ್ನಾಟಕದಲ್ಲಿ ಕಾರು, ಬೈಕ್, ಆಟೋಗಳ ಅತಿವೇಗಕ್ಕೆ ರಾಜಿ ದಂಡ (ಕೋರ್ಟಿಗೆ ಹೋಗದೆ ಕಟ್ಟಿ ಮುಗಿಸುವ ಮೊತ್ತ) 1,000 ರೂಪಾಯಿ, ದೊಡ್ಡ ವಾಹನಗಳಿಗೆ 2,000 ರೂಪಾಯಿ ಎಂದು 2019ರಲ್ಲಿ ನಿಗದಿಯಾಯಿತು. ಅಲ್ಲೇ ಕಟ್ಟಲು ಇಷ್ಟವಿಲ್ಲದಿದ್ದರೆ, ಕೋರ್ಟಿನಲ್ಲಿ ಉತ್ತರ ಕೊಡುತ್ತೇನೆ ಎಂದು ಹೇಳಿ ನೋಟಿಸ್ ಪಡೆದುಕೊಳ್ಳಬಹುದು. ರಸೀದಿ ಬೇಡವಾದರೆ ಅರ್ಧ ಕೊಡಿ ಎಂಬ ಮಾತು ಬಂದರೆ ಒಪ್ಪಬೇಡಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ, ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ರಕ್ಷಣೆ ಸಿಗುತ್ತದೆ. ದೂರು ಕೊಡಲು ಲೋಕಾಯುಕ್ತ ಇದೆ.

ಡಿಎಲ್ ಅನ್ನು ವಶಪಡಿಸಿಕೊಳ್ಳುವ ಅಧಿಕಾರವೂ ಪೊಲೀಸರಿಗೆ ಇದೆ. ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು ಮುಂತಾದವುಗಳಲ್ಲಿ 206ನೇ ಸೆಕ್ಷನ್ ಪ್ರಕಾರ ಡಿಎಲ್ ತೆಗೆದುಕೊಂಡು ಆರ್‌ಟಿಒಗೆ ಕಳುಹಿಸಬಹುದು. ಆಗ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಲೇಬೇಕು. ಅದಿಲ್ಲದೆ ನಿಮ್ಮ ಕಾರ್ಡ್ ಯಾರ ಕೈಯಲ್ಲಿದೆ ಎಂಬುದಕ್ಕೆ ದಾಖಲೆಯೇ ಇರುವುದಿಲ್ಲ. ಕುಡಿದು ಓಡಿಸಿದ ಪ್ರಕರಣದಲ್ಲಿ, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಕಂಡುಬಂದರೆ, ಸ್ಥಳದಲ್ಲಿ ದಂಡ ಕಟ್ಟಿ ಮುಗಿಸುವಂತಿಲ್ಲ, ಕೋರ್ಟಿಗೇ ಹೋಗಬೇಕು.

ತಡೆಯುವವರಿಗೂ ಮಿತಿಗಳಿವೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ನಾಯಿ ಕಚ್ಚಿದ್ದ ಪುಟ್ಟ ಮಗುವನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾಗ, ತಪಾಸಣೆಗಾಗಿ ತಡೆದ ವೇಳೆ ಕೆಳಗೆ ಬಿದ್ದು ಆ ಮಗು ಮೃತಪಟ್ಟಿತು. ಅದಾದ ಮೇಲೆ ರಾಜ್ಯದ ಪೊಲೀಸ್ ಮಹಾನಿರ್ದೇಶಕರು ಹೊರಡಿಸಿದ ಸೂಚನೆಯಲ್ಲಿ, ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ದಾಖಲೆ ನೋಡಲೆಂದೇ ಗಾಡಿ ತಡೆಯಬಾರದು, ಏಕಾಏಕಿ ರಸ್ತೆಗೆ ಅಡ್ಡ ಬಂದು ನಿಲ್ಲಿಸಬಾರದು, ಕೀ ಕಿತ್ತುಕೊಳ್ಳಬಾರದು ಎಂಬ ಅಂಶಗಳಿದ್ದವು. ಯಾರಾದರೂ ಕೀ ಕಿತ್ತುಕೊಂಡರೆ ಕೈ ಮಿಲಾಯಿಸಬೇಡಿ. ಹೆಸರು, ಸಮಯ, ಜಾಗ ಬರೆದುಕೊಂಡು ಮೇಲಧಿಕಾರಿಗಳಿಗೆ ಲಿಖಿತವಾಗಿ ದೂರು ಕೊಡಿ. ಗಾಡಿಯಲ್ಲಿ ರೋಗಿ ಇದ್ದರೆ ಗಾಜು ಇಳಿಸಿದ ಕೂಡಲೇ ಮೊದಲ ಮಾತಾಗಿ ಅದನ್ನೇ ಹೇಳಿ, ಕೇಸ್ ಆಮೇಲೆ ಹಾಕಬಹುದು.

ಮೊಬೈಲಿಗೆ ಚಲನ್ ಬಂದಾಗ

ಮೊದಲು ಅದು ನಿಜವಾದ ಚಲನ್ ಹೌದೇ ಎಂದು ನೋಡಬೇಕು. ಪರಿವಾಹನ್ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಎಪಿಕೆ ಫೈಲ್ (ಮೊಬೈಲಿನಲ್ಲಿ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್) ಕಳುಹಿಸಿ, ತೆರೆದ ಕೂಡಲೇ ಬ್ಯಾಂಕ್ ಖಾತೆ ಖಾಲಿ ಮಾಡುವ ವಂಚನೆ ವ್ಯಾಪಕವಾಗಿದೆ. ಸರ್ಕಾರ ಯಾವ ಚಲನ್ ಅನ್ನೂ ಫೈಲ್ ಇನ್‌ಸ್ಟಾಲ್ ಮಾಡಿ ನೋಡಿ ಎಂದು ಕಳುಹಿಸುವುದಿಲ್ಲ. ಸಂದೇಶದಲ್ಲಿರುವ ಲಿಂಕ್ ಒತ್ತದೆ, ನೀವೇ ಪರಿವಾಹನ್ ಇ–ಚಲನ್ ಜಾಲತಾಣ, ಬೆಂಗಳೂರಿನವರಾದರೆ ಸಂಚಾರ ಪೊಲೀಸರ ಜಾಲತಾಣ ಅಥವಾ ಅಸ್ತ್ರಂ ಆ್ಯಪ್ ತೆರೆದು ಗಾಡಿ ನಂಬರ್ ಹಾಕಿ ನೋಡಿ. ಜಾಲತಾಣದ ವಿಳಾಸ ಜಿಒವಿ ಡಾಟ್ ಐಎನ್ ಎಂದು ಮುಗಿಯುತ್ತದೆಯೇ ಗಮನಿಸಿ. ಒಂದು ಕಡೆ ಬಾಕಿ ಇಲ್ಲವೆಂದು ಬಂದರೂ ಇನ್ನೊಂದು ಕಡೆ ನೋಡುವುದು ಒಳ್ಳೆಯದು. ಮೊಬೈಲ್ ಬಳಸಲು ಬಾರದವರು ಬೆಂಗಳೂರು ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ಅಥವಾ ಸಂಚಾರ ಠಾಣೆಯಲ್ಲಿ ವಿಚಾರಿಸಿ ಕಟ್ಟಬಹುದು.

ನಂತರ ಫೋಟೊ ದೊಡ್ಡದು ಮಾಡಿ ನೋಡಿ. ಗಾಡಿ ನಿಮ್ಮದೇ? ಬಣ್ಣ, ಮಾದರಿ, ಬಂಪರ್ ಮೇಲಿನ ಗೀರು ಹೊಂದುತ್ತವೆಯೇ? ಕ್ಯಾಮೆರಾ 3 ಅನ್ನು 8 ಎಂದೋ, ಇಂಗ್ಲಿಷಿನ ಬಿ ಅಕ್ಷರವನ್ನು 8 ಎಂದೋ ಓದಿ, ಬೀದರಿನಲ್ಲಿ ಓಡಿದ ಗಾಡಿಯ ದಂಡ ಮಂಗಳೂರಿನವರಿಗೆ ಹೋಗುವುದುಂಟು. ನಕಲಿ ನಂಬರ್ ಹಾಕಿಕೊಂಡು ಓಡಾಡುವವರೂ ಇದ್ದಾರೆ. ಅಂಥ ಸಂದರ್ಭದಲ್ಲಿ ಆ ದಿನ ಆ ಹೊತ್ತಿಗೆ ನಿಮ್ಮ ಗಾಡಿ ಬೇರೆಡೆ ಇತ್ತು ಎಂಬುದಕ್ಕೆ ಫಾಸ್ಟ್ಯಾಗ್ ವಿವರ, ಪೆಟ್ರೋಲ್ ಬಿಲ್, ಅಪಾರ್ಟ್‌ಮೆಂಟಿನ ಕ್ಯಾಮೆರಾ ದೃಶ್ಯ, ಡ್ಯಾಶ್‌ಕ್ಯಾಮ್ ದೃಶ್ಯ ಇವುಗಳನ್ನು ಜೋಡಿಸಿ ದೂರು ಸಲ್ಲಿಸಿ. ಡ್ಯಾಶ್‌ಕ್ಯಾಮ್ ಹಳೆಯ ದೃಶ್ಯಗಳನ್ನು ಕೆಲವೇ ದಿನಗಳಲ್ಲಿ ಅಳಿಸಿಕೊಂಡು ಹೊಸದನ್ನು ಬರೆಯುತ್ತದೆ, ಆದ್ದರಿಂದ ಚಲನ್ ಬಂದ ದಿನವೇ ತೆಗೆದಿರಿಸಿ. ನಕಲಿ ನಂಬರ್ ಎಂದು ಖಚಿತವಾದರೆ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಹಿಂಬರಹ ಪಡೆಯದೆ ಬರಬೇಡಿ, ಆ ಗಾಡಿ ನಾಳೆ ಅಪಘಾತ ಮಾಡಿದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ.

ಗಾಡಿ ನಿಮ್ಮದೇ ಆಗಿದ್ದರೂ ಪ್ರಶ್ನಿಸಲು ನ್ಯಾಯವಾದ ಕಾರಣಗಳಿರಬಹುದು. ಮಿತಿಯ ಫಲಕವೇ ಇಲ್ಲದಿರುವುದು, ಮರದ ಕೊಂಬೆಯೋ ಬ್ಯಾನರೋ ಮುಚ್ಚಿರುವುದು, ಕ್ಯಾಮೆರಾ ಎಚ್ಚರಿಕೆ ಫಲಕ ಇಲ್ಲದಿರುವುದು, ಚಲನ್‌ನಲ್ಲಿ ಅಳೆದ ವೇಗವನ್ನೇ ನಮೂದಿಸದಿರುವುದು ಇಂಥ ಕಾರಣಗಳು. ಆ ಜಾಗಕ್ಕೆ ಹೋಗಿ, ಚಾಲಕನಿಗೆ ಹೇಗೆ ಕಾಣುತ್ತದೆಯೋ ಹಾಗೆ, ನೂರು ಮೀಟರ್ ಹಿಂದಿನಿಂದ ಫೋಟೊ ತೆಗೆಯಿರಿ. ಸಂಚಾರ ಪೊಲೀಸರಿಗೆ ಬರೆದು ಪರಿಹಾರ ಸಿಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕು ನಿಮಗಿದೆ. ಸಾವಿರ ರೂಪಾಯಿಗಾಗಿ ಕೋರ್ಟ್ ಅಲೆಯಬೇಕೆ ಎಂಬುದು ಅವರವರ ತೀರ್ಮಾನ. ನನ್ನ ಮಟ್ಟಿಗೆ, ಫಲಕ ನಿಜವಾಗಿಯೂ ಮುಚ್ಚಿಹೋಗಿದ್ದರೆ ಬರೆದು ತಿಳಿಸಲೇಬೇಕು, ಏಕೆಂದರೆ ಆ ಫಲಕ ಕಾಣದೆ ನಾಳೆ ಬರುವವನು ಚಲನ್ ಬದಲು ಅಪಘಾತಕ್ಕೆ ಸಿಕ್ಕಬಹುದು.

ತಪ್ಪು ನಿಮ್ಮದೇ ಆಗಿದ್ದರೆ ಬೇಗ ಕಟ್ಟಿಬಿಡಿ. ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟದ್ದು ನಿಜ, 2023ರ ಫೆಬ್ರುವರಿಯಲ್ಲಿ ಮತ್ತು 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಜನ ಸಾಲುಗಟ್ಟಿ ನಿಂತು ಕಟ್ಟಿದರು. ಅಂಥ ಅವಕಾಶ ಮತ್ತೆ ಬರುತ್ತದೆ ಎಂದು ಚಲನ್ ಕೂಡಿಡುತ್ತ ಹೋದವರಿಗೆ ಗಾಡಿ ಮಾರುವಾಗಲೋ ಎಫ್‌ಸಿಗೆ ಹೋದಾಗಲೋ ಕೆಲಸ ನಿಂತುಹೋಗುತ್ತದೆ. ಮೇಲಾಗಿ, ಅತಿವೇಗದ ಪ್ರಕರಣಗಳಲ್ಲಿ ಕನಿಷ್ಠ ಮೂರು ತಿಂಗಳು ಡಿಎಲ್ ಅಮಾನತು ಮಾಡಬೇಕೆಂದು ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ನಿರ್ದೇಶಿಸಿದೆ, ಪದೇ ಪದೇ ಸಿಕ್ಕಿಬಿದ್ದವರಿಗೆ ಅದು ಬರೀ ಕಾಗದದ ಮಾತಾಗಿ ಉಳಿಯುವುದಿಲ್ಲ.

ಗಾಡಿಯನ್ನು ಬೇರೆಯವರು ಓಡಿಸುತ್ತಿದ್ದಾಗ ಚಲನ್ ಬಂದರೆ, ಚಾಲಕ ಯಾರೆಂದು ಪೊಲೀಸರು ಕೇಳಿದಾಗ ಹೆಸರು, ವಿಳಾಸ, ಡಿಎಲ್ ವಿವರ ಕೊಡುವುದು 133ನೇ ಸೆಕ್ಷನ್ ಪ್ರಕಾರ ಮಾಲೀಕನ ಹೊಣೆ. ಗಾಡಿ ಮಾರಿದವರು ಇಲ್ಲೇ ಹೆಚ್ಚು ಪೇಚಿಗೆ ಸಿಲುಕುತ್ತಾರೆ. ಹಣ ಕೈಗೆ ಬಂತು, ಕೀ ಕೊಟ್ಟಾಯಿತು, ಕೊಂಡವರು ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತಾರೆ ಎಂದು ನಂಬಿ ಬಿಟ್ಟರೆ, ಅವರು ಓಡಿಸಿದ ಪ್ರತಿ ವೇಗಕ್ಕೂ ಸಂದೇಶ ಬರುವುದು ಹಳೆಯ ಮಾಲೀಕರ ಮೊಬೈಲಿಗೆ. ಮಾರಾಟದ ದಿನವೇ ಗಾಡಿ ಹಸ್ತಾಂತರಿಸಿದ ದಿನಾಂಕ ಮತ್ತು ಸಮಯ ಬರೆದು ಇಬ್ಬರೂ ಸಹಿ ಮಾಡಿದ ಪತ್ರವನ್ನೂ, ಕೊಂಡವರ ಡಿಎಲ್ ಪ್ರತಿಯನ್ನೂ ಪಡೆದುಕೊಳ್ಳಿ, ಹೆಸರು ಬದಲಾವಣೆಯ ಅರ್ಜಿಯನ್ನು ನೀವೇ ಮುಂದೆ ನಿಂತು ಹಾಕಿಸಿ. ಹಳೆಯ ಗಾಡಿ ಕೊಳ್ಳುವವರು ಮುಂಗಡ ಕೊಡುವ ಮೊದಲು ಅದರ ನಂಬರ್ ಮೇಲಿರುವ ಬಾಕಿ ಚಲನ್‌ಗಳನ್ನು ನೋಡಿ, ಅವುಗಳನ್ನು ಯಾರು ಕಟ್ಟಬೇಕೆಂದು ಮಾತು ಮುಗಿಸಿಕೊಳ್ಳಿ.

ದಂಡ ಕಟ್ಟಿದ ಮೇಲೆ ರಸೀದಿಯ ಪ್ರತಿಯನ್ನು ಉಳಿಸಿಟ್ಟುಕೊಂಡು, ಒಂದು ವಾರ ಬಿಟ್ಟು ಅದೇ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ಆ ಚಲನ್ ಬಾಕಿ ಪಟ್ಟಿಯಿಂದ ಹೋಗಿದೆಯೇ ಎಂದು ಮತ್ತೊಮ್ಮೆ ನೋಡಿಕೊಳ್ಳಿ. ಹೋಗಿರದಿದ್ದರೆ ಹಣ ಪಾವತಿಯ ಸಂಖ್ಯೆಯನ್ನು ನಮೂದಿಸಿ ದೂರು ದಾಖಲಿಸಿ, ಎರಡನೇ ಸಲ ಹಣ ಕಟ್ಟಬೇಡಿ.